ಮುಖಕ್ಕೆ ಹಚ್ಚಿದ ಸ್ಟೆರಾಯ್ಡ್ ಮುಲಾಮು ನಿಲ್ಲಿಸುವ ಕುರಿತು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಶಿರಸಿ ಸಮೀಪದ ಹಳ್ಳಿಯವರು. ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ಮೂಗಿನ ಪಕ್ಕದಲ್ಲಿಯೂ ಹುಬ್ಬಿನ ಮೇಲೂ ಚರ್ಮ ಕೆಂಪಾಗಿ ಹೊಟ್ಟು ಏಳತೊಡಗಿದಾಗ, ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಿಂದ ತಂದ ಕ್ಲೋಬೆಟಾಸಾಲ್ ಮುಲಾಮನ್ನು ಹಚ್ಚಿದೆವು, ತಪ್ಪು ನಮ್ಮದೇ. ಮೂರೇ ದಿನಕ್ಕೆ ಮುಖ ತಿಳಿಯಾಯಿತು. ಆದರೆ ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಹೆಚ್ಚು ಉರಿ, ಬಾಯಿಯ ಸುತ್ತ ಸಣ್ಣ ಗುಳ್ಳೆಗಳು ಕಾಣಿಸಿದ್ದರಿಂದ ಮತ್ತೆ ಹಚ್ಚಿ, ಮತ್ತೆ ಬಿಟ್ಟು, ಐದು ತಿಂಗಳು ಕಳೆದಿವೆ. ಈಗ ಕೆನ್ನೆಯಲ್ಲಿ ಎಳೆಯಂಥ ರಕ್ತನಾಳಗಳೂ ಕಾಣುತ್ತಿವೆ.

ಈ ಕ್ಲೋಬೆಟಾಸಾಲ್ ಅತಿ ಪ್ರಬಲ ವರ್ಗದ ಸ್ಟೆರಾಯ್ಡ್ ಎಂದೂ, ಮುಖದ ತೆಳು ಚರ್ಮ ಔಷಧವನ್ನು ಹೆಚ್ಚು ಹೀರುವುದರಿಂದ ಅಲ್ಲಿಗೆ ಸಾಮಾನ್ಯವಾಗಿ ಶೇ. 1ರ ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯ ಮುಲಾಮನ್ನು ಕೆಲವೇ ದಿನ ಕೊಡುತ್ತಾರೆಂದೂ ತಡವಾಗಿ ತಿಳಿಯಿತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ವೈದ್ಯರು ಒಮ್ಮೆಲೇ ನಿಲ್ಲಿಸಲು ಹೇಳಿದರೇ, ಹಂತಹಂತವಾಗಿ ಇಳಿಸಿದರೇ, ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮನ್ನು ಬರೆದುಕೊಟ್ಟರೇ ಎಂಬುದನ್ನು ದಯವಿಟ್ಟು ತಿಳಿಸಿ. ಮನೆಮದ್ದು ಬೇಡ, ಲೋಳೆಸರ ಹಚ್ಚಿ ಉರಿ ಹೆಚ್ಚಿಸಿಕೊಂಡಾಗಿದೆ. ಶಿರಸಿ, ಕುಮಟಾ ಅಥವಾ ಕಾರವಾರದಲ್ಲಿ ಚರ್ಮರೋಗ ತಜ್ಞರು ಶನಿವಾರ ಸಿಗುವ ಕಡೆ ಗೊತ್ತಿದ್ದರೆ ಅದನ್ನೂ ಬರೆಯಿರಿ.