ನಿರಾಶ್ರಿತರ ಮಸೂದೆ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ನಮ್ಮದು ಕುಶಾಲನಗರ. ಬೈಲುಕುಪ್ಪೆಯ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿನ ಗೆಳೆಯನೊಬ್ಬ ಸ್ವೆಟರ್ ವ್ಯಾಪಾರ ಮಾಡುತ್ತಾನೆ. ಹುಟ್ಟಿದ್ದು ಇಲ್ಲೇ, ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾನೆ. ಆದರೂ ಆರ್‌ಸಿ ಪುಸ್ತಕ, ಅಂದರೆ ವಿದೇಶಿಯರ ನೋಂದಣಿ ಪತ್ರ, ರಿನ್ಯೂ ಮಾಡಿಸಲು ಅಂಗಡಿ ಮುಚ್ಚಿ ಅಲೆಯಬೇಕು. ಸಂಸತ್ತಿನಲ್ಲಿ ನಿರಾಶ್ರಿತರ ಮಸೂದೆ ಮಂಡನೆಯಾಗಿದೆ ಅಂತ ಹಿಂದೆ ಓದಿದ ನೆನಪು. ಅದೇನಾಯಿತು?

ಉತ್ತರ (ವಕೀಲರು): ಅದು ಶಶಿ ತರೂರ್ ಅವರ ಆಶ್ರಯ ಮಸೂದೆ ಇರಬೇಕು ಸರ್. 2015ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. 2019ರಲ್ಲಿ ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. 2022ರಲ್ಲಿ ಮತ್ತೆ ಮಂಡಿಸಿದರು. 2024ರಲ್ಲಿ ಮತ್ತದೇ ಕಥೆ.

ಮಂತ್ರಿಯಲ್ಲದ ಸಂಸದರು ತಂದರೆ ಅದು ಖಾಸಗಿ ಮಸೂದೆ. ಅದಕ್ಕೆ ಸಿಗುವುದು ಶುಕ್ರವಾರ ಸಂಜೆಯ ಎರಡೂವರೆ ತಾಸು ಮಾತ್ರ. ಅರ್ಧ ಸದನ ಊರಿಗೆ ಹೊರಟಿರುವ ಹೊತ್ತು! ಯಾರ ಮಸೂದೆ ಮೊದಲು ಅನ್ನುವುದಕ್ಕೆ ಚೀಟಿ ಎತ್ತಬೇಕು. ಚರ್ಚೆಗೆ ಬಂದರೂ, ಸರ್ಕಾರ ನೋಡಿಕೊಳ್ಳುತ್ತದೆ, ವಾಪಸ್ ತಗೊಳ್ಳಿ ಅಂತ ಮಂತ್ರಿಗಳು ಕೇಳುತ್ತಾರೆ. ಜಾಸ್ತಿ ಜನ ತಗೊಳ್ಳುತ್ತಾರೆ ಕೂಡ. ಇಲ್ಲಿವರೆಗೆ ಇಂಥ 14 ಮಸೂದೆಗಳಷ್ಟೇ ಪಾಸಾಗಿವೆ, ಕೊನೆಯದು 1970ರಲ್ಲಿ. ಹಾಗಾಗಿ ಮಂಡನೆ ಅಂದ ತಕ್ಷಣ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಸರ್ಕಾರವೇ ತಂದರೆ?

ಉತ್ತರ: ಮೆಟ್ಟಿಲುಗಳು ಅವೇ. ಮಂಡನೆ, ಚರ್ಚೆ, ಒಂದೊಂದು ಕಲಮಿಗೂ ಒಪ್ಪಿಗೆ, ಇನ್ನೊಂದು ಸದನ, ರಾಷ್ಟ್ರಪತಿ ಅಂಕಿತ. ಆದರೆ ಓಟವೇ ಬೇರೆ. ವಲಸೆ ಮತ್ತು ವಿದೇಶಿಯರ ಮಸೂದೆ 2025ರ ಮಾರ್ಚ್ 11ಕ್ಕೆ ಮಂಡನೆಯಾಯಿತು. 27ಕ್ಕೆ ಲೋಕಸಭೆ, ಏಪ್ರಿಲ್ 2ಕ್ಕೆ ರಾಜ್ಯಸಭೆ, 4ಕ್ಕೆ ಅಂಕಿತ. ತಿಂಗಳೂ ಹಿಡಿಯಲಿಲ್ಲ. ಸಮಿತಿಗೆ ಕಳಿಸಿ ಅಂತ ವಿರೋಧ ಪಕ್ಷಗಳು ಕೇಳಿದವು, ಕಳಿಸಲಿಲ್ಲ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾನೂನು ರದ್ದಾದವು. ಆದರೆ ನಿರಾಶ್ರಿತ ಅಂದರೆ ಯಾರು ಅನ್ನುವುದನ್ನು ಹೊಸದರಲ್ಲೂ ಹೇಳಿಲ್ಲ. ನನಗೆ ಬೇಜಾರಾಗಿದ್ದು ಅದೇ.

ಅದಿರಲಿ, ನಿಮ್ಮ ಗೆಳೆಯ ಹುಟ್ಟಿದ್ದು ಯಾವಾಗ? 1950ರ ಜನವರಿ 26ರಿಂದ 1987ರ ಜೂನ್ 30ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ನಾಗರಿಕರು. ಟಿಬೆಟಿಯನ್ನರಿಗೂ ಇದು ಅನ್ವಯ ಅಂತ ಕರ್ನಾಟಕ ಹೈಕೋರ್ಟ್ 2013ರಲ್ಲೇ ಹೇಳಿದೆ.

ಪ್ರಶ್ನೆ: ಅಯ್ಯೋ, ಅವನು 1991. ಅವರಮ್ಮ 1964ರಲ್ಲಿ ಇದೇ ಕ್ಯಾಂಪಿನಲ್ಲಿ ಹುಟ್ಟಿದ್ದು.

ಉತ್ತರ: ಅಯ್ಯೋ ಯಾಕೆ? 1987ರ ಜುಲೈಯಿಂದ 2004ರ ಡಿಸೆಂಬರ್ 2ರವರೆಗೆ ಇಲ್ಲಿ ಹುಟ್ಟಿದವರಿಗೆ ಅಪ್ಪ ಅಮ್ಮರಲ್ಲಿ ಒಬ್ಬರು ನಾಗರಿಕರಾಗಿದ್ದರೆ ಸಾಕು. ಅಮ್ಮನ ಜನನ ಪತ್ರ ಮೊದಲು ಹುಡುಕಿಸಿ. ಸಿಕ್ಕರೆ ಇಲ್ಲೇ ತಿಳಿಸಿ.