ಮದುವೆ ಡ್ರೋನ್‌ನಿಂದ ಸಿನಿಮಾಕ್ಕೆ: ಕೇಳಿದ್ದು, ಹೇಳಿದ್ದು

ಪ್ರಶ್ನೆ (ಮಧುಗಿರಿ): ನಮಸ್ಕಾರ ಸರ್. ಮದುವೆ, ಪ್ರೀ-ವೆಡ್ಡಿಂಗ್ ಆರ್ಡರ್‌ಗೆ ಡ್ರೋನ್ ಹಾರಿಸುತ್ತೇನೆ. ಕೈ ಚೆನ್ನಾಗಿ ಕೂತಿದೆ. ಸಿನಿಮಾ, ಜಾಹೀರಾತಿಗೆ ಹೋಗೋ ಆಸೆ. ಸಾಲ ಮಾಡಿ ದೊಡ್ಡ ಡ್ರೋನ್ ತಗೊಳ್ಳಲಾ?

ಉತ್ತರ: ಸಾಲ ಬೇಡ. ದೊಡ್ಡ ಡ್ರೋನ್ ಬಾಡಿಗೆಗೆ ಸಿಗುತ್ತದೆ. ಸುಲಭಕ್ಕೆ ಸಿಗದೇ ಇರೋದು, ಅದೇ ಶಾಟನ್ನು ಐದು ಸಲ ಕೇಳಿದರೂ ಒಂದೇ ಥರ ತೆಗೆದುಕೊಡುವ ಮನುಷ್ಯ.

ನಿಮ್ಮೂರ ಬೆಟ್ಟವನ್ನೇ ನೋಡಿ. ಹೀರೋ ಮೆಟ್ಟಿಲು ಹತ್ತುತ್ತಿದ್ದಾನೆ. ಅವನ ಬೆನ್ನಿನಿಂದ ಶುರುವಾಗಿ, ಕೋಟೆ ಗೋಡೆ ದಾಟಿ, ಆಕಾಶ ಕಾಣೋವರೆಗೆ ಕ್ಯಾಮೆರಾ ಏರಬೇಕು. ಮದುವೆಯಲ್ಲಿ ನಾವೆಲ್ಲ ಕ್ಯಾಮೆರಾವನ್ನು ಆಟೋ ಮೋಡಿಗೆ ಬಿಟ್ಟೇ ಹೊಡೀತೀವಿ ಅಲ್ವಾ? ಇಲ್ಲಿ ಹಾಗೆ ಬಿಟ್ಟರೆ, ಆಕಾಶ ಫ್ರೇಮಿಗೆ ಬಂದ ತಕ್ಷಣ ಬಂಡೆ ಕಪ್ಪಾಗುತ್ತದೆ. ಶಾಟ್ ಮಧ್ಯೆ ಬೆಳಕು ಬದಲಾದದ್ದು ಎದ್ದು ಕಾಣುತ್ತದೆ. ಅದಕ್ಕೇ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋದು), ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಎಲ್ಲ ಲಾಕ್ ಮಾಡಿ. ಸೆಕೆಂಡಿಗೆ 24 ಫ್ರೇಮ್ ಆದರೆ ಶಟರ್ 1/50 ಸೆಕೆಂಡ್ ಆಸುಪಾಸು. ಬಿಸಿಲಲ್ಲಿ ಆ ಶಟರ್ ಇಟ್ಟರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ, ಹಾಗಾಗಿ ಬೆಳಕು ತಗ್ಗಿಸೋ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಹಾಕಲೇಬೇಕು. ನಾಲ್ಕನೇ ಟೇಕಿಗೆ ಹೀರೋ ಸುಸ್ತಾಗಿ ನಿಧಾನ ಹತ್ತಿದರೆ ಡ್ರೋನೂ ನಿಧಾನ ಆಗಬೇಕು. ಕಲಿಯಬೇಕಾದ್ದು ಇದು.

ಮಧ್ಯಾಹ್ನ ಬಂಡೆ ಕಾದು ಗಾಳಿ ಮೇಲೆದ್ದು ಡ್ರೋನನ್ನು ಅಲ್ಲಾಡಿಸುತ್ತದೆ. ಬೆಳಗ್ಗೆಯೇ ಮುಗಿಸಿ. ಹದ್ದು ಸುತ್ತುತ್ತಿದ್ದರೆ ಇಳಿಸಿ, ಹೀರೋ ಕಾಯಲಿ! ಇನ್ನೊಂದು ಮಾತು: ಆ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಶೂಟಿಂಗ್‌ಗೆ ಅವರ ಅನುಮತಿ ಬೇರೆ ಬೇಕು.

ದೊಡ್ಡ ಡ್ರೋನ್ ಶಾಟಿಗೆ ಸಾಮಾನ್ಯವಾಗಿ ಇಬ್ಬರು. ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಬೇರೆ ರಿಮೋಟಿನಲ್ಲಿ ಕ್ಯಾಮೆರಾ ತಿರುಗಿಸುತ್ತಾರೆ. ಅಂಥ ಜೋಡಿಯ ಜೊತೆ ಅಸಿಸ್ಟೆಂಟ್ ಆಗಿ ಸೇರಿ. ಬ್ಯಾಟರಿ ಚಾರ್ಜ್ ಮಾಡೋದು, ಧೂಳು ಏಳದ ಹಾಗೆ ಟಾರ್ಪಾಲ್ ಹಾಸೋದು, ಇಲ್ಲಿಂದಲೇ ಶುರು.

ಪ್ರಶ್ನೆ (ಚಿಂತಾಮಣಿ): ಲೈಸೆನ್ಸ್ ಬೇಕೇ ಬೇಕಾ ಅಣ್ಣ? ನಂದಿಬೆಟ್ಟದ ಕಡೆ ಹಾರಿಸಬಹುದಾ?

ಉತ್ತರ: 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಕೆಲವು ಮಿನಿ ಡ್ರೋನ್‌ಗೆ ದೊಡ್ಡ ಬ್ಯಾಟರಿ ಹಾಕಿದರೆ ತೂಕ ಅದನ್ನು ದಾಟುತ್ತದೆ, ನೋಡಿಕೊಳ್ಳಿ. ಅದಕ್ಕಿಂತ ಭಾರದ ಡ್ರೋನಿನಲ್ಲಿ ದುಡ್ಡಿಗೆ ಕೆಲಸ ಮಾಡಿದರೆ ಸರ್ಟಿಫಿಕೇಟ್ ಬೇಕು, ಮದುವೆಗೂ ಸೇರಿ. 18 ವರ್ಷ ತುಂಬಿರಬೇಕು, ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಆಗಬೇಕು.

ಸರ್ಕಾರದ ಡ್ರೋನ್ ಮ್ಯಾಪಿನ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗೆ ಅದು 200 ಅಡಿ. ನಂದಿಬೆಟ್ಟಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ ಹತ್ತಿರವೇ ಇದೆ. ‘ಡಿಜಿಟಲ್ ಸ್ಕೈ’ ಅನ್ನೋ ಆ ಮ್ಯಾಪ್ ಬದಲಾಗುತ್ತಿರುತ್ತದೆ, ಹಾರಿಸುವ ದಿನವೇ ನೋಡಿ. ಬೆಟ್ಟ ನೋಡಿಕೊಳ್ಳುವ ಇಲಾಖೆಯನ್ನೂ ಕೇಳಿ.

ಪ್ರಶ್ನೆ (ಮಧುಗಿರಿ): ಸರಿ ಸರ್. ಕೆಲಸ ಕೇಳೋಕೆ ಸಿನಿಮಾ ಕ್ಯಾಮೆರಾಮನ್‌ಗೆ ಏನು ಕಳಿಸಲಿ?

ಉತ್ತರ: ಹಾಡು ಹಾಕಿದ ಮದುವೆ ರೀಲ್ ಬೇಡ. ಕತ್ತರಿಸದ ನಾಲ್ಕೈದು ಶಾಟ್ ಸಾಕು, ಶುರುವಿಂದ ಕೊನೆವರೆಗೆ. ಸ್ಪೀಡ್ ಹೆಚ್ಚುಕಮ್ಮಿ ಮಾಡಬೇಡಿ. ಒಂದೇ ಶಾಟಿನ ಎರಡು ಟೇಕ್ ಪಕ್ಕಪಕ್ಕ ಇಟ್ಟರೆ ಇನ್ನೂ ಒಳ್ಳೇದು. ಮತ್ತೆ, ಕೆಲಸ ಸಿಕ್ಕಿದರೆ ಅಡ್ವಾನ್ಸ್ ಕೇಳೋಕೆ ನಾಚಿಕೊಳ್ಳಬೇಡಿ. ಜಾಹೀರಾತಿನ ದುಡ್ಡು ಕೈಗೆ ಬರೋದು ತಡ.