ಆಟದ ಮಧ್ಯೆ ಕಂಟ್ರೋಲರ್ ಕೈ ಕೊಡುತ್ತಿದೆ, ಬ್ಯಾಟರಿ ಫುಲ್ ಇದೆ!

ರಾತ್ರಿಆಟ:
ತಲೆ ಕೆಟ್ಟು ಹೋಗಿದೆ, ಯಾರಾದರೂ ಸಹಾಯ ಮಾಡಿ. ಆಟ ಶುರುವಾದಾಗ ಎಲ್ಲ ಸರಿ ಇರುತ್ತದೆ. ಸ್ವಲ್ಪ ಹೊತ್ತಿಗೆ ಬಟನ್ ಒತ್ತಿದ್ದು ತಡವಾಗಿ ತಲುಪುತ್ತದೆ. ಕೆಲವು ಸಲ ನಾನು ಸ್ಟಿಕ್ ಬಿಟ್ಟ ಮೇಲೂ ಆಟಗಾರ ಒಂದೇ ಕಡೆಗೆ ಓಡುತ್ತಲೇ ಇರುತ್ತಾನೆ. ನಿನ್ನೆ ಬಾಸ್ ಇನ್ನೊಂದು ಏಟಿಗೆ ಬೀಳುತ್ತಿದ್ದ. ಡಾಡ್ಜ್ (ಏಟು ತಪ್ಪಿಸಿಕೊಳ್ಳೋ ಬಟನ್) ಒತ್ತಿದೆ, ಏನೂ ಆಗಲಿಲ್ಲ, ಸತ್ತೆ. ರಿಸೆಟ್ ಮಾಡಿದ್ದೇನೆ, ಮತ್ತೆ ಪೇರ್ ಮಾಡಿದ್ದೇನೆ, ಅಪ್‌ಡೇಟ್ ಕೂಡ ಹಾಕಿದ್ದೇನೆ. ದಯವಿಟ್ಟು ‘ಹೊಸದು ತಗೊಳ್ಳಿ’ ಅಂತ ಮಾತ್ರ ಹೇಳಬೇಡಿ.

ಸೋಲ್ಡರ್‌ಕೈ:
ಸ್ಟಿಕ್ ಬಿಟ್ಟ ಮೇಲೂ ಓಡುತ್ತಾನೆ ಅಂದರೆ ಡ್ರಿಫ್ಟ್. ಬೇರೆ ಮಾತೇ ಇಲ್ಲ. ಸ್ಟಿಕ್ ಬುಡದಲ್ಲಿ ಅದು ಎಷ್ಟು ಬಾಗಿದೆ ಅಂತ ಅಳೆಯೋ ಎರಡು ಪುಟ್ಟ ಪೊಟೆನ್ಶಿಯೋಮೀಟರ್ ಇರುತ್ತವೆ. ಅವುಗಳ ಒಳಗೆ ಕಾರ್ಬನ್ ಪದರದ ಮೇಲೆ ಲೋಹದ ಎಳೆ ಉಜ್ಜುತ್ತಾ ಓಡಾಡುತ್ತದೆ. ಪದರ ಸವೆದರೆ ಸ್ಟಿಕ್ ನಟ್ಟ ನಡುವೆ ನಿಂತಿದ್ದರೂ ಒಂದು ಕಡೆಗೆ ಬಾಗಿದೆ ಅಂತಲೇ ಕನ್ಸೋಲ್ ತಿಳಿಯುತ್ತದೆ. ಮೊದಲು ಡೆಡ್‌ಜೋನ್ (ಸ್ಟಿಕ್‌ನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತಗೊಳ್ಳದ ನಡುವಿನ ಜಾಗ) ಜಾಸ್ತಿ ಮಾಡಿ ನೋಡಿ. ಹೋಗದಿದ್ದರೆ ಬಿಚ್ಚಿ ಹಾಲ್ ಎಫೆಕ್ಟ್ ಸ್ಟಿಕ್ ಕೂರಿಸಿ. ಅದು ಅಯಸ್ಕಾಂತದಿಂದ ಕೆಲಸ ಮಾಡುತ್ತದೆ, ಸವೆತದ ಕಾಟ ಇಲ್ಲ. ಈಗ ಬಂದಿರೋ ಒಳ್ಳೇ ಹೊಸ ತಂತ್ರಜ್ಞಾನ.

ಪಿಕ್ಸೆಲ್‌ಮರಿ:
ಬಟನ್ ಕೂಡ ತಡ ಅಂತ ಬರೆದಿದ್ದಾರಲ್ಲ? ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯಾ? ಇಲ್ಲದಿದ್ದರೆ ಚಿತ್ರ ನುಣುಪು ಮಾಡೋ ಸೆಟ್ಟಿಂಗ್‌ಗಳೆಲ್ಲ ಫ್ರೇಮ್‌ಗಳನ್ನು ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತವೆ. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಅಂಥವು ನಾಲ್ಕೈದು ಸೇರಿದರೆ ಕೈಗೆ ಗೊತ್ತಾಗೇ ಆಗುತ್ತದೆ.

ಹಳೇಕಾರ್ಟ್ರಿಜ್:
@ಸೋಲ್ಡರ್‌ಕೈ ಹಾಲ್ ಎಫೆಕ್ಟ್ ಹೊಸದೇನಲ್ಲ ಸರ್. ಸೆಗಾ ಸ್ಯಾಟರ್ನ್‌ಗೆ 1996ರಲ್ಲಿ ಬಂದ ಅನಲಾಗ್ ಪ್ಯಾಡ್‌ನಲ್ಲೇ ಇತ್ತು. 1998ರ ಡ್ರೀಮ್‌ಕಾಸ್ಟ್‌ನಲ್ಲೂ ಇತ್ತು. ನನ್ನ ಡ್ರೀಮ್‌ಕಾಸ್ಟ್ ಪ್ಯಾಡ್ ಇವತ್ತಿಗೂ ಒಂದು ಚೂರೂ ಆಚೀಚೆ ಸರಿಯಲ್ಲ.

ಸೋಲ್ಡರ್‌ಕೈ:
ಮನೇಲೇ ಬಿಚ್ಚಿ ಬದಲಾಯಿಸೋಕೆ ಬಿಡಿಯಾಗಿ ಸಿಗ್ತಿರೋದು ಈಚೆಗೆ ಅಂತ ನಾನು ಹೇಳಿದ್ದು.

ಹಳೇಕಾರ್ಟ್ರಿಜ್:
ನೀವು ಬರೆದಿದ್ದು ‘ಹೊಸ ತಂತ್ರಜ್ಞಾನ’ ಅಂತ. ಮೇಲೆಯೇ ಇದೆ, ಓದಿಕೊಳ್ಳಿ.

ರಾತ್ರಿಆಟ:
ಗೇಮ್ ಮೋಡ್ ಮೊದಲಿಂದಲೂ ಆನ್. ಡೆಡ್‌ಜೋನ್ ಜಾಸ್ತಿ ಮಾಡಿದೆ, ಏನೂ ಬದಲಾಗಲಿಲ್ಲ. ನನ್ನ ಇನ್ನೊಂದು ಕಂಟ್ರೋಲರ್‌ನಲ್ಲೂ ಹೀಗೇ ಆಗುತ್ತದೆ. ಸಣ್ಣ ಆಟಗಳಲ್ಲಿ ತೊಂದರೆ ಇಲ್ಲ, ದೊಡ್ಡ ಆಟ ಹಾಕಿದಾಗ ಮಾತ್ರ.

ಸೋಲ್ಡರ್‌ಕೈ:
ಎರಡೂ ಒಂದೇ ಕಾಲದಲ್ಲಿ ತಗೊಂಡಿದ್ದಾ? ಹಾಗಿದ್ದರೆ ಎರಡೂ ಸವೆದಿರಬಹುದು. ನನ್ನ ಹತ್ತಿರ ಬಂದಿರೋದರಲ್ಲಿ ಮುಕ್ಕಾಲು ಭಾಗ ಡ್ರಿಫ್ಟ್ ಕೇಸೇ.

ತಂತಿಜಾಲ:
ಸೋಲ್ಡರ್‌ಕೈ ಸರ್, ಡ್ರಿಫ್ಟ್ ಇದ್ದರೆ ಮೆನುವಿನಲ್ಲೂ ಕರ್ಸರ್ ಜಾರಬೇಕು, ಸಣ್ಣ ಆಟದಲ್ಲೂ ಕಾಣಬೇಕು. ಬಟನ್ ತಡವಾಗೋದು ಡ್ರಿಫ್ಟ್‌ನಿಂದ ಅಲ್ಲವೇ ಅಲ್ಲ.

@ರಾತ್ರಿಆಟ ಎರಡು ವಿಷಯ ಹೇಳಿ. ಕೇಬಲ್ ಹಾಕಿ ಆಡಿದರೆ ಸರಿ ಇರುತ್ತದಾ? ಚಾರ್ಜ್‌ಗೆ ಮಾತ್ರ ಬರೋ ಕೇಬಲ್ ಬೇಡ, ಡೇಟಾ ಹೋಗೋ ಕೇಬಲ್ ಬೇಕು. ಕೆಲವು ಕನ್ಸೋಲ್‌ಗಳಲ್ಲಿ ಕೇಬಲ್ ಸಿಕ್ಕಿಸಿದರೂ ಬ್ಲೂಟೂತ್‌ನಲ್ಲೇ ಮಾತಾಡುತ್ತಿರುತ್ತದೆ, ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಅಂತ ಬದಲಾಯಿಸಬೇಕು. ಎರಡನೆಯದು, ಕನ್ಸೋಲ್‌ಗೆ ಏನೇನು ಸಿಕ್ಕಿಸಿದ್ದೀರಿ?

ಪಿಕ್ಸೆಲ್‌ಮರಿ:
ನನ್ನದು 120 ಹರ್ಟ್ಜ್ ಓಎಲ್‌ಇಡಿ. ರೂಟರ್‌ನಿಂದ ನೇರವಾಗಿ ಲ್ಯಾನ್ ವಯರ್ ಎಳೆದಿದ್ದೇನೆ, ಆಟಗಳೆಲ್ಲ ಒಳಗಿನ ಎಸ್‌ಎಸ್‌ಡಿಯಲ್ಲೇ. ಟಿವಿ ಹಿಂದೆ ತೆಳು ಎಲ್‌ಇಡಿ ಪಟ್ಟಿ ಹಾಕಿದ ಮೇಲಂತೂ ಕಪ್ಪು ದೃಶ್ಯಗಳು ಎದ್ದು ಕಾಣುತ್ತವೆ. ಫೋಟೋ ನಾಳೆ ಹಾಕುತ್ತೇನೆ.

ಹಳೇಕಾರ್ಟ್ರಿಜ್:
ಓಎಲ್‌ಇಡಿ ಚೆನ್ನಾಗಿದೆ. ಆದರೆ ಹಳೇ ಆಟಕ್ಕೆ ಸಿಆರ್‌ಟಿ (ಹಳೇ ದಪ್ಪ ಟಿವಿ) ಬಿಟ್ಟರೆ ಇಲ್ಲ. ನನ್ನ ಹತ್ತಿರ ಎರಡಿವೆ.

ರಾತ್ರಿಆಟ:
ಕೇಬಲ್ ಹಾಕಿದರೆ ಬೆಣ್ಣೆ ಥರ ಓಡುತ್ತದೆ! ಆದರೆ ಸೋಫಾದವರೆಗೆ ಕೇಬಲ್ ಬರಲ್ಲ. ಸಿಕ್ಕಿಸಿರೋದು ಅಂದರೆ ಮುಂದಿನ ಯುಎಸ್‌ಬಿಯಲ್ಲಿ ಹಾರ್ಡ್ ಡಿಸ್ಕ್, ಅಷ್ಟೇ. ದೊಡ್ಡ ಆಟಗಳೆಲ್ಲ ಅದರಲ್ಲೇ ಇವೆ. ಅದು ಕನ್ಸೋಲ್ ಮೇಲೇ ಮಲಗಿರುತ್ತದೆ. ಅದಕ್ಕೂ ಕಂಟ್ರೋಲರ್‌ಗೂ ಏನು ಸಂಬಂಧ?

ತಂತಿಜಾಲ:
ಸಂಬಂಧ ಇದೆ! ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಆಗ ಡಿಸ್ಕ್, ಕೇಬಲ್, ಪೋರ್ಟ್ ಮೂರರಿಂದಲೂ ರೇಡಿಯೋ ಗದ್ದಲ ಸೋರುತ್ತದೆ. ಅದು ಬಂದು ಬೀಳೋದು ಸರಿಯಾಗಿ 2.4 ಗಿಗಾಹರ್ಟ್ಜ್ ಸುತ್ತ. ವೈರ್‌ಲೆಸ್ ಕಂಟ್ರೋಲರ್ ಮಾತಾಡೋದೂ ಅಲ್ಲೇ. ಇಂಟೆಲ್ ಇದನ್ನು ಅಳೆದು 2012ರಲ್ಲೇ ಪ್ರಕಟಿಸಿದೆ. ಸಾಮಾನ್ಯ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಹಾರಿ ಹಾರಿ ತಪ್ಪಿಸಿಕೊಳ್ಳುತ್ತದೆ. ಆದರೆ ಈ ಗದ್ದಲ ಎಲ್ಲ ಚಾನೆಲ್‌ಗಳ ಮೇಲೂ ಹರಡಿರುತ್ತದೆ, ಹಾರಿ ಹೋಗೋಕೆ ಜಾಗ ಇಲ್ಲ.

ದೊಡ್ಡ ಆಟದಲ್ಲಿ ಮಾತ್ರ ಯಾಕೆ? ಆಗಲೇ ಡಿಸ್ಕ್ ಒಂದೇ ಸಮನೆ ಓದುತ್ತಿರುತ್ತದೆ. ಆಟಗಾರ ಓಡುತ್ತಲೇ ಇರೋದು ಯಾಕೆ? ‘ಸ್ಟಿಕ್ ಬಿಟ್ಟೆ’ ಅನ್ನೋ ಸುದ್ದಿ ಕನ್ಸೋಲ್‌ಗೆ ತಲುಪಿರಲ್ಲ. ಅದು ಹಿಂದಿನ ಸುದ್ದಿಯನ್ನೇ ಹಿಡಿದುಕೊಂಡಿರುತ್ತದೆ.

ಕನ್ಸೋಲ್ ಪೂರ್ತಿ ಆಫ್ ಮಾಡಿ. ರೆಸ್ಟ್ ಮೋಡ್‌ನಲ್ಲಿ (ಪೂರ್ತಿ ಆಫ್ ಆಗದೆ ನಿದ್ದೆಯಲ್ಲಿರುವಾಗ) ಡಿಸ್ಕ್ ಕೀಳಲೇಬೇಡಿ, ಡೇಟಾ ಹಾಳಾಗಬಹುದು. ಆಮೇಲೆ ಹಿಂದಿನ ಪೋರ್ಟ್‌ಗೆ ಹಾಕಿ, ಡಿಸ್ಕ್‌ನ್ನು ಒಂದು ಮೊಳವಾದರೂ ದೂರ ಇಡಿ. ಒಳ್ಳೆ ಶೀಲ್ಡ್ (ಗದ್ದಲ ತಡೆಯೋ ಲೋಹದ ಹೊದಿಕೆ) ಇರೋ ಕೇಬಲ್ ಆಗಲಿ, ತೆಳು ಕೇಬಲ್‌ನಿಂದ ಗದ್ದಲ ಇನ್ನೂ ಜಾಸ್ತಿ ಸೋರುತ್ತದೆ. ವೈಫೈ 2.4ರಲ್ಲಿದ್ದರೆ 5 ಗಿಗಾಹರ್ಟ್ಜ್‌ಗೆ ಬದಲಾಯಿಸಿ.

ಸೋಲ್ಡರ್‌ಕೈ:
ನಾನು ಇಷ್ಟು ಕಂಟ್ರೋಲರ್ ಬಿಚ್ಚಿದ್ದೇನೆ, ಹಾರ್ಡ್ ಡಿಸ್ಕ್‌ನಿಂದ ಕೆಟ್ಟಿದ್ದು ಒಂದೂ ಕಂಡಿಲ್ಲ.

ತಂತಿಜಾಲ:
ಕಂಟ್ರೋಲರ್ ಕೆಟ್ಟೇ ಇಲ್ಲ ಸರ್, ಅದಕ್ಕೇ ಬಿಚ್ಚಿದರೂ ಕಾಣಲ್ಲ.

ಗುಂಡಿಒತ್ತು:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಕನ್ಸೋಲ್ ಫ್ಯಾನ್ ವಿಪರೀತ ಸದ್ದು ಮಾಡುತ್ತದೆ. ಇದೂ ಯುಎಸ್‌ಬಿಯಿಂದಲೇ ಇರಬಹುದಾ?

ಸೋಲ್ಡರ್‌ಕೈ:
ಇಲ್ಲ, ಅದು ಧೂಳು. ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಒಂದು ಕಡ್ಡಿಯಿಂದ ತಡೆದು ಹಿಡಿಯಿರಿ. ಬಿಟ್ಟರೆ ಗಿರ್ರನೆ ತಿರುಗಿ ಬೇರಿಂಗ್ ಹೋಗುತ್ತದೆ. ಬೇರೆ ಥ್ರೆಡ್ ಶುರು ಮಾಡಿ, ವಿವರವಾಗಿ ಹೇಳುತ್ತೇನೆ.

ರಾತ್ರಿಆಟ:
ತಂತಿಜಾಲ ಅವರೇ, ತುಂಬಾ ಥ್ಯಾಂಕ್ಸ್!! ಡಿಸ್ಕ್ ಹಿಂದಿನ ಪೋರ್ಟ್‌ಗೆ ಹೋಯಿತು, ಈಗ ಕೆಳಗಿನ ಶೆಲ್ಫ್‌ನಲ್ಲಿದೆ. ಸೋಫಾದಿಂದಲೇ ಆಡಿದೆ, ಡಾಡ್ಜ್ ಒತ್ತಿದ ಕ್ಷಣಕ್ಕೇ ಆಗುತ್ತಿದೆ. ಬಾಸ್ ಬಿದ್ದ. ಆದರೂ ಆನ್‌ಲೈನ್‌ನಲ್ಲಿ ಆಡುವಾಗ ಒಮ್ಮೊಮ್ಮೆ ಸಣ್ಣದಾಗಿ ತಡವರಿಸುತ್ತದೆ. ವೈಫೈ ಇನ್ನೂ 2.4ರಲ್ಲೇ ಇದೆ, 5ರ ಹೆಸರೇ ಲಿಸ್ಟ್‌ನಲ್ಲಿ ಕಾಣುತ್ತಿಲ್ಲ.

ತಂತಿಜಾಲ:
ರೂಟರ್ 5 ಗಿಗಾಹರ್ಟ್ಜ್ ಕೊಡುತ್ತದಾ ಅಂತ ಮೊದಲು ನೋಡಿ. ಕೆಲವು ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತವೆ, ಸೆಟ್ಟಿಂಗ್‌ಗೆ ಹೋಗಿ ಬೇರೆ ಮಾಡಬೇಕು. ರೂಟರ್ ಕನ್ಸೋಲ್ ಪಕ್ಕದಲ್ಲೇ ಇದ್ದರೆ ಸುಮ್ನೆ ಲ್ಯಾನ್ ವಯರ್ ಹಾಕಿಬಿಡಿ.

ಸೋಲ್ಡರ್‌ಕೈ:
ಡೆಡ್‌ಜೋನ್ ಜಾಸ್ತಿ ಮಾಡಿದ್ದನ್ನು ವಾಪಸ್ ಇಳಿಸಿ. ಹಾಗೇ ಬಿಟ್ಟರೆ ಗುರಿ ಇಡುವಾಗ ಸ್ಟಿಕ್ ಮೊದಲ ಚೂರು ಅಲುಗಾಟವೇ ಲೆಕ್ಕಕ್ಕೆ ಬರಲ್ಲ.